ನಾಲೆಯ ನೀರಿನ ತವರಿಗೆ ಒಂದು ನಡಿಗೆ

(ಯುವಕ ಮಂಡಲದ ಮಾಸಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ತಮ್ಮ ಮುಂದೆ ನಿಂತರೆ ಬೀಜೋಪಚಾರ, ಕಾಂಪೋಸ್ಟು ಗುಂಡಿ, ಸಾಲು ನಾಟಿ, ಇವುಗಳ ಮಾತೇ ಬರುತ್ತದೆ ಎಂದು ತಾವು ಬಲ್ಲಿರಿ. ಇಂದು ಬೆಟ್ಟ ಹತ್ತಿ ಬಂದ ಸಂಗತಿಯನ್ನು ಹೇಳುತ್ತೇನೆಂದಾಗ ಕೆಲವರು ನಕ್ಕರು. "ಗದ್ದೆಯ ಬದುವಿನ ಮೇಲೆ ನಡೆದೇ ನಮ್ಮ ಕಾಲು ಸವೆದಿದೆ, ಕಾಸು ಕೊಟ್ಟು ಹೋಗಿ ಬೆಟ್ಟದ ಮೇಲೆ ಬೇರೆ ನಡೆಯಬೇಕೆ?" ಎಂದು ಒಬ್ಬ ಹಿರಿಯರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ನನ್ನ ಭಾಷಣ ಮುಗಿಯುವ ಹೊತ್ತಿಗೆ ಅದಕ್ಕೆ ಉತ್ತರ ದೊರೆತರೆ ನಾನು ಧನ್ಯ.

ಮೊದಲು ಹೊರಟ ಕಾರಣವನ್ನು ಹೇಳಿಬಿಡುತ್ತೇನೆ. 2023ರಲ್ಲಿ ಮುಂಗಾರು ಕೈಕೊಟ್ಟು ಕಣ್ಣಂಬಾಡಿ ಕಟ್ಟೆ ತುಂಬಲಿಲ್ಲ. ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ಸರದಿಯ ಮೇಲೆ ನೀರು ಬಿಟ್ಟರು. ಮೇಲುಭಾಗದವರಿಗೆ ಬಂದ ನೀರು ಕೊನೆಭಾಗದವರಿಗೆ ಬರಲಿಲ್ಲ. ಒಂದು ರಾತ್ರಿ ನಮ್ಮೂರ ತೂಬಿನ ಬಳಿ ಎರಡು ಕಡೆಯ ಹುಡುಗರು ಗುದ್ದಲಿ ಎತ್ತಿಕೊಂಡು ನಿಂತರು. ಯಾರೋ ಬಂದು ನನ್ನನ್ನು ಎಬ್ಬಿಸಿದರು. ಲಾಟೀನಿನ ಬದಲು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು ಹೋಗಿ ನಾನೂ ನಡುವೆ ನಿಂತೆ. ಕೃಷಿ ಡಿಪ್ಲೊಮಾದಲ್ಲಿ ಕಲಿತ ಯಾವ ಪಾಠವೂ ಆ ಹೊತ್ತಿಗೆ ಒದಗಲಿಲ್ಲ. ದೇವರ ದಯೆಯಿಂದ ರಕ್ತ ಬೀಳಲಿಲ್ಲ. ಆದರೆ ಅಂದಿನಿಂದ ಆ ಎರಡು ಕೇರಿಯವರು ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಇದು ತಮಗೆಲ್ಲ ಗೊತ್ತಿರುವ ವಿಷಯ.

ಮರುವರ್ಷ, 2024ರಲ್ಲಿ, ಕಟ್ಟೆ ತುಂಬಿತು. ನೀರು ಬಂತು, ಜಗಳ ಮಾತ್ರ ಹಾಗೆಯೇ ಉಳಿಯಿತು. ಆಗ ನನಗೆ ಹೊಳೆದದ್ದು ಇಷ್ಟೆ: ನಾವು ಹೊಡೆದಾಡುವುದು ತೂಬಿನ ಬಾಯಲ್ಲಿ; ಆ ನೀರು ಹುಟ್ಟುವ ಸ್ಥಳವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದಾರೆ? ಮಗಳನ್ನು ಕೊಟ್ಟ ಮನೆ ನೋಡುತ್ತೇವೆ, ಸೊಸೆಯ ತವರನ್ನು ನೋಡುತ್ತೇವೆ. ನಮಗೆ ಅನ್ನ ಕೊಡುವ ನೀರಿನ ತವರನ್ನು ನೋಡಿದವರು ಕಡಿಮೆ. ಆದ್ದರಿಂದ ಎರಡೂ ಕೇರಿಯಿಂದ ಆರಾರು ಯುವಕರನ್ನು ಒಪ್ಪಿಸಿ, ನಾಲ್ಕು ದಿನದ ಬಿಡುವು ಮಾಡಿಕೊಂಡು, ತುಲಾ ಸಂಕ್ರಮಣ ಕಳೆದ ಮರುವಾರ ಕೊಡಗಿಗೆ ಹೊರಟೆವು. ಬಸ್ಸಿನಲ್ಲಿ ಆರು ಜನ ಮುಂದೆ ಕುಳಿತರು, ಆರು ಜನ ಹಿಂದೆ. ನಾನು ನಡುವೆ.

ಆ ಕಾಲವನ್ನೇ ಏಕೆ ಆರಿಸಿಕೊಂಡೆವೆಂಬುದನ್ನೂ ಹೇಳಬೇಕು. ಆಶ್ವಯುಜ, ಕಾರ್ತೀಕ ಈ ಎರಡು ಮಾಸ ಶರದೃತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬೆಟ್ಟಗಳಲ್ಲಿ ಮಳೆ ಬಿಡುವುದಿಲ್ಲ. ಹಾದಿ ಜಾರುತ್ತದೆ, ಹೊಳೆ ದಾಟಲಾಗದು. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಶರತ್ಕಾಲದಲ್ಲಿ ಮಳೆ ಹಿಂದೆ ಸರಿದಿರುತ್ತದೆ, ತೊರೆಗಳು ತುಂಬಿ ಹರಿಯುತ್ತವೆ, ಹುಲ್ಲು ಹಸುರಾಗಿರುತ್ತದೆ, ಭತ್ತ ತೆನೆಗೆ ಬಂದಿರುತ್ತದೆ. ನೀರು ಹೇಗೆ ಕೆಲಸ ಮಾಡುತ್ತದೆಂಬುದನ್ನು ಕಣ್ಣಾರೆ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೊಡಗಿನವರ ಹಬ್ಬಗಳೂ ಈ ಲೆಕ್ಕದ ಮೇಲೆಯೇ ನಿಂತಿವೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೋದ್, ಅಕ್ಟೋಬರ್ ನಡುವಿನಲ್ಲಿ ಕಾವೇರಿ ಸಂಕ್ರಮಣ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹೊಸ ಕದಿರು ತೆಗೆಯುವ ಹುತ್ತರಿ.

ಮೊದಲ ದಿನ ಭಾಗಮಂಡಲ, ತಲಕಾವೇರಿ. ಭಾಗಮಂಡಲದಲ್ಲಿ ಕಾವೇರಿಯನ್ನು ಕನ್ನಿಕೆ ಸೇರುತ್ತದೆ. ಸುಜ್ಯೋತಿ ಎಂಬ ಗುಪ್ತಗಾಮಿನಿಯೂ ಸೇರುತ್ತದೆಂಬುದು ನಂಬಿಕೆ. ಅಲ್ಲಿಂದ ಮೇಲೆ ಬ್ರಹ್ಮಗಿರಿಯ ಮಗ್ಗುಲಲ್ಲಿ ತಲಕಾವೇರಿ. ಸುಮಾರು 800 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿ ಸೇರುವ ನದಿ ಅಲ್ಲಿ ಒಂದು ಸಣ್ಣ ಕುಂಡಿಕೆ. ನಮ್ಮ ಹುಡುಗನೊಬ್ಬ ಅದನ್ನು ನೋಡಿ, "ಇಷ್ಟೇನಾ?" ಎಂದುಬಿಟ್ಟ. ಇಷ್ಟೇ ಅಲ್ಲ ಎಂಬುದು ಮರುದಿನ ತಿಳಿಯಿತು.

ಮರುದಿನ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆಗೆ ಬಂದೆವು. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳು ಇರುವುದು ಅಲ್ಲಿ. ಎತ್ತರ 1,748 ಮೀಟರು. ಅದರ ಬುಡದಲ್ಲಿ ನಾಲ್ಕುನಾಡು ಅರಮನೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನು 1792ರಿಂದ 1794ರ ಸುಮಾರಿಗೆ ಕಟ್ಟಿಸಿದ್ದು. ಅರಮನೆ ಎಂದರೆ ಮೈಸೂರಿನದನ್ನು ನೆನೆಯಬೇಡಿ. ಎರಡು ಅಂತಸ್ತಿನ, ಮರದ ಕೆತ್ತನೆ, ಗೋಡೆ ಚಿತ್ರಗಳಿರುವ ದೊಡ್ಡ ಮನೆ. ಕಾಡಿನ ಮರೆಯಲ್ಲಿ ಅಡಗಲು ತಕ್ಕ ಸ್ಥಳ. 1834ರಲ್ಲಿ ಇಂಗ್ಲಿಷರು ಕೊಡಗಿನ ಮೇಲೆ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ.

ಹತ್ತಿರದಲ್ಲೇ ಪಾಡಿ ಇಗ್ಗುತಪ್ಪ ದೇವಸ್ಥಾನ. ಮಳೆಗೂ ಬೆಳೆಗೂ ಒಡೆಯನೆಂದು ಕೊಡವರು ನಂಬುವ ದೇವರು. ಹುತ್ತರಿ ಎಂದು ಎಂಬುದನ್ನು ನಿಶ್ಚಯಿಸುವುದು ಈ ದೇವಸ್ಥಾನದಲ್ಲಿ. ಇಡೀ ನಾಡು ಆ ದಿನವನ್ನು ಅನುಸರಿಸುತ್ತದೆ. ಯಾರಿಗೂ ತಮ್ಮ ತೆನೆ ಮೊದಲು ಹಣ್ಣಾಯಿತೆಂದು ಹಬ್ಬವನ್ನು ಮುಂದಕ್ಕೆಳೆಯುವ ಅಧಿಕಾರವಿಲ್ಲ. ನಮ್ಮ ತೂಬಿನ ಸರದಿಗೆ ಇಂಥ ಒಂದು ಗೌರವವಿದ್ದರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅಂದು ಸಂಜೆ ಅಲ್ಲಿಯ ಹಿರಿಯರೊಬ್ಬರು ತಮ್ಮ ಐನ್‌ಮನೆಯನ್ನು ನೋಡಲು ಕರೆದರು. ಐನ್‌ಮನೆ ಎಂದರೆ ಒಂದು ಒಕ್ಕದ, ಅಂದರೆ ಒಂದು ಮೂಲ ಪುರುಷನಿಂದ ಬಂದ ಕುಲದ, ಮೂಲಮನೆ. ಗದ್ದೆಯ ಅಂಚಿನಲ್ಲಿ ಸ್ವಲ್ಪ ಎತ್ತರದ ಮೇಲೆ ಮನೆ. ಮಣ್ಣಿನ ಎರಡು ದಿಣ್ಣೆಗಳ ನಡುವೆ ಸಾಗುವ ಓಣಿ. ಅಂಗಳ ದಾಟಿದರೆ ಕೈಯ್ಯಾಲೆ ಎಂಬ ಜಗಲಿ. ಒಳಗೆ ದೀಪವಿರುವ ನಡುಮನೆ. ಸಮೀಪದಲ್ಲೇ ಹಿರಿಯರ ನೆನಪಿಗೆ ಕೈಮಡ. ನೂರಾರು ಜನ ಬಂಧುಗಳು ಬೇರೆ ಬೇರೆ ಊರಲ್ಲಿದ್ದರೂ ಹಬ್ಬಕ್ಕೆ ಅಲ್ಲಿಗೆ ಬಂದು ಸೇರುತ್ತಾರೆ. ನಾವು ಚಪ್ಪಲಿ ಅಂಗಳದಲ್ಲೇ ಬಿಟ್ಟು ಒಳಗೆ ಹೋದೆವು. ಕಡುಂಬಿಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬಿಸಿಬಿಸಿಯಾಗಿ ಕೊಟ್ಟರು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಜಗಲಿಯ ಮುಂದಿನ ಗದ್ದೆಯಲ್ಲಿ ಎತ್ತರಕ್ಕೆ ಬೆಳೆದ ಹಳೆಯ ತಳಿಯ ಭತ್ತ ಕಂಡಿತು. ಗ್ರಾಮಸೇವಕನ ಬಾಯಿ ಸುಮ್ಮನಿರುತ್ತದೆಯೆ? "ಗಿಡ್ಡ ತಳಿ ಹಾಕಿ, ಗೊಬ್ಬರ ಇಷ್ಟಿಷ್ಟು ಕೊಡಿ, ಇಳುವರಿ ಹೆಚ್ಚುತ್ತದೆ" ಎಂದು ಅವರ ಮನೆಯಲ್ಲಿ ಕುಳಿತು ಅವರಿಗೇ ಉಪದೇಶ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಮಳೆಗಾಲದಲ್ಲಿ ಈ ಗದ್ದೆಯಲ್ಲಿ ನೀರು ಎಷ್ಟು ನಿಲ್ಲುತ್ತದೆ ಗೊತ್ತೆ? ನಿಮ್ಮ ಗಿಡ್ಡ ಪೈರು ಮುಳುಗಿ ಕೊಳೆಯುತ್ತದೆ. ದನಕ್ಕೆ ಹುಲ್ಲೂ ಬೇಕಲ್ಲ." ನಾನು ನಾಚಿದೆ. ಭಾಗಮಂಡಲದ ಸುತ್ತಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನಮ್ಮ ಮಂಡ್ಯದಲ್ಲಿ ಸುಮಾರು 700. ನಮ್ಮ ನೆಲದ ಅಳತೆಕೋಲನ್ನು ಅವರ ನೆಲಕ್ಕೆ ಇಟ್ಟಿದ್ದೆ. ಬೇರೆಯವರ ಊರಿಗೆ ಹೋದಾಗ ಮೊದಲ ದಿನ ಕಿವಿ ಮಾತ್ರ ತೆರೆದಿರಬೇಕೆಂಬುದು ನಾನು ಕಲಿತ ಪಾಠ.

ಆಗ ನೋಡಿದರೆ ನಾಟಿಯಾಗಿದ್ದದ್ದು ಒಂದು ಮಡಿ ಮಾತ್ರ. ಅದರ ಕೆಳಗಿನ ಮಡಿಗಳಲ್ಲಿ ಜೊಂಡು ಬೆಳೆದಿತ್ತು. ಏಕೆಂದು ಕೇಳಿದೆವು. ಕೂಲಿಯಾಳು ಸಿಗುವುದಿಲ್ಲ, ಮಕ್ಕಳು ನಗರದಲ್ಲಿದ್ದಾರೆ, ರಾತ್ರಿ ಆನೆ ಬಂದು ತುಳಿಯುತ್ತದೆ, ಗದ್ದೆಗೆ ಹಾಕುವ ಖರ್ಚು ಬರುವ ಭತ್ತಕ್ಕಿಂತ ಹೆಚ್ಚು. "ಕಾಫಿ, ಮೆಣಸು ಮನೆ ನಡೆಸುತ್ತವೆ. ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ. ಗದ್ದೆ ಬಿಟ್ಟರೆ ನನಗೆ ನಷ್ಟವಿಲ್ಲ" ಎಂದರು. ಹಾಗಾದರೆ ಈ ಒಂದು ಮಡಿ ಏಕೆ? "ಹುತ್ತರಿಯ ದಿನ ಕದಿರು ತೆಗೆಯಲು ಪಕ್ಕದವರ ಗದ್ದೆಗೆ ಹೋಗಿ ನಿಲ್ಲಲೆ?" ಎಂದು ಅವರು ಕೇಳಿದರು.

ನಮ್ಮ ಕೊನೆಭಾಗದ ಕೇರಿಯ ಯುವಕನೊಬ್ಬ, ಆ ರಾತ್ರಿ ಗುದ್ದಲಿ ಎತ್ತಿದವರಲ್ಲಿ ಒಬ್ಬ, ಅಷ್ಟು ಹೊತ್ತೂ ಮಾತನಾಡಿರಲಿಲ್ಲ. ಅವನು ಕೇಳಿದ: "ಈ ಗದ್ದೆಯ ನೀರು ಎಲ್ಲಿಗೆ ಹೋಗುತ್ತದೆ?"

"ಕೆಳಗಿನ ಗದ್ದೆಗೆ. ಅಲ್ಲಿಂದ ತೋಡಿಗೆ, ತೋಡಿನಿಂದ ಕಕ್ಕಬ್ಬೆ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಆಮೇಲೆ ಅದು ನಿಮ್ಮದು" ಎಂದರು ಹಿರಿಯರು.

ಮಿತ್ರರೆ, ಮೂರನೆಯ ದಿನ ಬೆಳಿಗ್ಗೆ ಬೆಟ್ಟ ಹತ್ತಿದೆವು. ಅರಮನೆಯ ಬಳಿಯಿಂದ ಶಿಖರಕ್ಕೆ ಸುಮಾರು 6-7 ಕಿಲೋಮೀಟರಿನ ನಡಿಗೆ. ಮೊದಲು ಕಾಫಿ, ಏಲಕ್ಕಿ ತೋಟಗಳ ನಡುವೆ ಹಾದಿ. ಈ ಬೆಟ್ಟಸಾಲಿನ ಮಗ್ಗುಲಲ್ಲಿ ಕುಡಿಯರ ಮನೆಗಳಿವೆ. ಬೈನೆ ಮರ, ಜೇನು, ಏಲಕ್ಕಿ ಇವುಗಳ ಮರ್ಮ ತಲತಲಾಂತರದಿಂದ ಬಲ್ಲ ಜನ. ಕೊಡಗಿನ ಜೇನು ಒಂದು ಕಾಲಕ್ಕೆ ದೊಡ್ಡ ಹೆಸರು ಮಾಡಿತ್ತು. 1991-92ರ ಸುಮಾರಿನಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆ ಜೇನಿನ ಮರಿಗಳನ್ನು ಕೊಂದು ಸಾವಿರಾರು ಪೆಟ್ಟಿಗೆಗಳನ್ನು ಬರಿದು ಮಾಡಿತು. ಜೇನು ಸಾಕುವವರು ಅದರಿಂದ ಮೆಲ್ಲಗೆ ಚೇತರಿಸಿಕೊಂಡರು. ನಮ್ಮಲ್ಲಿ ಜೇನು ಪೆಟ್ಟಿಗೆ ಇಟ್ಟಿರುವವರು ಇದನ್ನು ಗಮನಿಸಬೇಕು.

ತೋಟ ಮುಗಿದ ಮೇಲೆ ಕಾಡು, ಕಾಡಿನ ಮೇಲೆ ಹುಲ್ಲುಗಾವಲು. ಎತ್ತರದ ಬೆಟ್ಟಗಳಲ್ಲಿ ಮರಗಳು ಎಲ್ಲೆಡೆ ಬೆಳೆಯುವುದಿಲ್ಲ. ಎರಡು ಇಳಿಜಾರು ಕೂಡುವ ಮಡಿಲಿನಲ್ಲಿ ಮಾತ್ರ ದಟ್ಟವಾದ ಕಾಡು; ಇದಕ್ಕೆ ಶೋಲಾ ಎನ್ನುತ್ತಾರೆ. ಉಳಿದ ಮೈಯೆಲ್ಲ ಹುಲ್ಲು. ಶೋಲಾ ಕಾಡಿನೊಳಗೆ ಕಾಲಿಟ್ಟಾಗ ನೆಲ ಹಾಸಿಗೆಯಂತೆ ಮೆತ್ತಗಿತ್ತು. ಉದುರಿದ ಎಲೆ ಕೊಳೆತು ಕಪ್ಪು ಮಣ್ಣಾಗಿದೆ. ನಾನು ಒಂದು ಹಿಡಿ ತೆಗೆದು ಹಿಂಡಿದೆ; ನೀರು ತೊಟ್ಟಿಕ್ಕಿತು. ಮಳೆ ಸಣ್ಣದಾಗಿ ಎಷ್ಟೋ ದಿನವಾಗಿತ್ತು. ಹುಡುಗರೆಲ್ಲ ಸರದಿಯಲ್ಲಿ ಹಿಂಡಿ ನೋಡಿದರು. ನಾವು ಕಾಂಪೋಸ್ಟು ಗುಂಡಿಯಲ್ಲಿ ಮಾಡಲು ಹೆಣಗುವ ಕೆಲಸವನ್ನು ಕಾಡು ಸದ್ದಿಲ್ಲದೆ ಮಾಡುತ್ತಿದೆ. ಈ ಸ್ಪಂಜು ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತದೆ. ಮಳೆ ನಿಂತ ಮೇಲೂ ಹೊಳೆ ಹರಿಯುವುದು ಈ ಕಾರಣದಿಂದ. ಕುಂಡಿಕೆಯನ್ನು ನೋಡಿ "ಇಷ್ಟೇನಾ?" ಎಂದ ಹುಡುಗನಿಗೆ ನಾನು, "ಇದು ಉಳಿದದ್ದು" ಎಂದು ತೋರಿಸಿದೆ.

ಶಿಖರ ತಲುಪಿದಾಗ ಮಂಜು. ಅರ್ಧ ಗಂಟೆ ಕಾದ ಮೇಲೆ ತೆರೆ ಸರಿಯಿತು. ಈ ಸಾಲಿನ ಪಡುವಣ ಮಗ್ಗುಲಿಗೆ ಬಿದ್ದ ಮಳೆ ಕೇರಳಕ್ಕೆ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣ ಮಗ್ಗುಲಿಗೆ ಬಿದ್ದದ್ದು ಕಾವೇರಿಗೆ ಇಳಿದು ಕಣ್ಣಂಬಾಡಿಗೆ ಬರುತ್ತದೆ. ಅಲ್ಲಿ ನಿಂತಾಗ ಮೇಲುಭಾಗದವರು, ಕೊನೆಭಾಗದವರು ಎಂಬ ಮಾತು ನಗೆ ತರಿಸುತ್ತದೆ. ಬೆಟ್ಟದವರ ಲೆಕ್ಕದಲ್ಲಿ ನಾವೆಲ್ಲರೂ ಕೊನೆಭಾಗದವರೇ. ಪೂಂಪುಹಾರಿನ ಕಡಲ ದಂಡೆಯವನ ಲೆಕ್ಕದಲ್ಲಿ ನಾವೆಲ್ಲರೂ ಮೇಲುಭಾಗದವರು.

ಈ ಬೆಟ್ಟಗಳ ಬೆಲೆಯನ್ನು ಲೋಕವೂ ಒಪ್ಪಿದೆ. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು; ತಲಕಾವೇರಿ ವನ್ಯಧಾಮವೂ ಪಾಡಿನಾಲ್ಕುನಾಡು ಕಾಯ್ದಿಟ್ಟ ಅರಣ್ಯವೂ ಅದರಲ್ಲಿವೆ. ಆದರೆ ಪಟ್ಟಿಯಿಂದಲೇ ಬೆಟ್ಟ ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು; ಜನ ಸತ್ತರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಅತಿಯಾದ ಮಳೆ ಒಂದು ಕಾರಣ. ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದು ಇನ್ನೊಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಗದ್ದೆಯ ಸಂಗತಿಯೂ ಹಾಗೆಯೇ. ಬದುವಿರುವ ಗದ್ದೆ ಮಳೆಯ ನೀರನ್ನು ತಡೆದು ನೆಲಕ್ಕೆ ಇಂಗಿಸುತ್ತದೆ. ಬದು ಒಡೆದರೆ, ಅಥವಾ ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎದ್ದರೆ, ಆಗಸ್ಟ್‌ನಲ್ಲಿ ನೀರು ಒಮ್ಮೆಗೇ ನುಗ್ಗುತ್ತದೆ. ಫೆಬ್ರವರಿಯಲ್ಲಿ ತೊರೆ ಒಣಗುತ್ತದೆ. ಆ ಹಿರಿಯರು ಕದಿರಿಗಾಗಿ ಉಳಿಸಿಕೊಂಡ ಒಂದು ಮಡಿಯಲ್ಲಿ ನಮ್ಮ ಪಾಲೂ ಇದೆ ಎಂದು ನಾನು ಹೇಳಿದರೆ ತಾವು ಉತ್ಪ್ರೇಕ್ಷೆ ಎನ್ನಬಾರದು.

ಇಂಥ ಊರುಗಳಿಗೆ ನೋಡುವವರು ಹೋಗುವುದರಿಂದ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ನಾಲ್ಕು ಕಾಸು ಕಂಡವರು ಹಳೆಯ ಮನೆಯನ್ನು ಬೀಳಗೊಡದೆ ಉಳಿಸಿಕೊಂಡಿದ್ದಾರೆ. ತೊರೆಯ ಬದಿಯಲ್ಲಿ ಬಾಟಲಿ ಒಡೆದು ಹೋದವರೂ ಇದ್ದಾರೆ. ನಾವು ಇಳಿಯುವಾಗ ಎರಡು ಚೀಲ ಪ್ಲಾಸ್ಟಿಕ್ ಹೆಕ್ಕಿ ತಂದೆವು. ಅದರಲ್ಲಿ ಒಂದೆರಡು ಪೊಟ್ಟಣ ನಮ್ಮ ಹುಡುಗರೇ ಹತ್ತುವಾಗ ಎಸೆದದ್ದೆಂದು ಹೇಳಲು ನನಗೆ ಸಂಕೋಚ, ಆದರೂ ಹೇಳಿದ್ದೇನೆ.

ಆದುದರಿಂದ ಮುಂದೆ ಹೋಗುವವರು ಈ ಕೆಲವು ವಿಷಯಗಳನ್ನು ನೆನಪಿನಲ್ಲಿಡಬೇಕು:

1. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಬೆಳಿಗ್ಗೆ ಬೇಗ ಹತ್ತಿ, ಹಗಲಿರುವಾಗಲೇ ಇಳಿಯಿರಿ. ಆ ಕಾಡಿನಲ್ಲಿ ಆನೆಗಳಿವೆ. ಗುಂಪು ಬಿಟ್ಟು ಒಬ್ಬನೇ ಅಡ್ಡಹಾದಿ ಹಿಡಿಯಬಾರದು.

2. ಮಂಜು ಕವಿದರೆ ನಡೆಯಬೇಡಿ. ನಿಂತಲ್ಲೇ ಒಟ್ಟಾಗಿ ಕುಳಿತು ಕಾಯಿರಿ.

3. ಜಿಗಣೆಗೆ ಹೆದರಬೇಕಾಗಿಲ್ಲ. ಉದ್ದ ಕಾಲುಚೀಲ ಹಾಕಿ, ಸ್ವಲ್ಪ ಉಪ್ಪು ಜೊತೆಗಿಡಿ. ಕಿತ್ತು ಎಳೆಯಬೇಡಿ, ಉಪ್ಪು ತಾಗಿದರೆ ತಾನೇ ಬೀಳುತ್ತದೆ. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ.

4. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ. ಊರವರನ್ನು ಕೇಳದೆ ಒಳಗೆ ಕಾಲಿಡಬೇಡಿ.

5. ಐನ್‌ಮನೆ ಪ್ರದರ್ಶನದ ವಸ್ತುವಲ್ಲ, ಜನ ಬಾಳುವ ಮನೆ. ಕರೆದರೆ ಹೋಗಿ. ಚಿತ್ರ ತೆಗೆಯುವ ಮುನ್ನ ಕೇಳಿ. ಕೈಮಡದ ಮುಂದೆ ಗದ್ದಲ ಮಾಡಬೇಡಿ.

6. ತೊರೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಡಿ. ಆ ನೀರನ್ನು ಕೆಳಗೆ ಕುಡಿಯುವವರಿದ್ದಾರೆ. ಕೊನೆಯಲ್ಲಿ ಕುಡಿಯುವವರು ನಾವೇ.

7. ತೋಟದ ಕಿತ್ತಳೆ, ಏಲಕ್ಕಿ ಕೀಳಬೇಡಿ. ಬೇಕಿದ್ದರೆ ಹಣ ಕೊಟ್ಟು ಕೊಳ್ಳಿ. ಊಟಕ್ಕೂ ಅಲ್ಲಿಯದನ್ನೇ ಉಣ್ಣಿ.

ಈಗ ತಾವು ಕೇಳಬಹುದು: ಹೋಗಿ ಬಂದ ಮೇಲೆ ಊರಿನಲ್ಲಿ ಏನಾಯಿತು? ಜಗಳ ತೀರಿತೆಂದು ಹೇಳಿ ತಮ್ಮಿಂದ ಚಪ್ಪಾಳೆ ಪಡೆಯುವ ಆಸೆ ನನಗಿಲ್ಲ. ಬರುವಾಗ ಬಸ್ಸಿನಲ್ಲಿ ಕುಳಿತ ಕ್ರಮ ಸ್ವಲ್ಪ ಬೆರೆತಿತ್ತು, ಅಷ್ಟೆ. ಊರಿಗೆ ಬಂದ ಹತ್ತನೆಯ ದಿನ, ಗದ್ದೆಯ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದ್ದ ಆ ಯುವಕ ನನ್ನ ಕೊಠಡಿಗೆ ಬಂದು, "ಮೇಲುಭಾಗದ ಹಿಕ್ಕಾಲುವೆಯಲ್ಲಿ ಹೂಳು ತುಂಬಿದೆ. ಅದನ್ನು ತೆಗೆದರೆ ಅವರಿಗೂ ಬೇಗ ಮುಗಿಯುತ್ತದೆ, ನಮಗೂ ಬೇಗ ಬರುತ್ತದೆ. ನೀವು ಹೇಳಿನೋಡಿ" ಎಂದ. ನಾನು ಹೇಳಿದೆ. ಭಾನುವಾರ ಹನ್ನೊಂದು ಜನ ಬಂದರು. ಅದರಲ್ಲಿ ನಾಲ್ವರು ಮೇಲುಭಾಗದವರು. ಮಧ್ಯಾಹ್ನದ ತನಕ ಹೂಳು ಎತ್ತಿದೆವು. ಅದೇ ಗುದ್ದಲಿಗಳು. ತೂಬಿನ ಸರದಿಯ ಪಟ್ಟಿಯನ್ನು ಈಗ ಶಾಲೆಯ ಗೋಡೆಗೆ ಹಚ್ಚಿದ್ದೇವೆ. ಯಾರೂ ಅದನ್ನು ಇನ್ನೂ ಹರಿದಿಲ್ಲ.

ಇನ್ನೂ ಒಂದು ಮೈಲಿ ಹಿಕ್ಕಾಲುವೆಯ ಹೂಳು ಉಳಿದಿದೆ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಎರಡೂ ಕೇರಿಯವರು ಗುದ್ದಲಿ, ಮಂಕರಿ ತರಬೇಕೆಂದು ಕೋರುತ್ತೇನೆ. ಮುಂದಿನ ಶರತ್ಕಾಲದ ನಡಿಗೆಗೆ ಹೆಸರು ಕೊಡುವವರು ಅಲ್ಲಿಯೇ ಕೊಡಬಹುದು. ಹೂಳು ಎತ್ತಿದವರಿಗೆ ಮೊದಲ ಅವಕಾಶ. ತಾಯಂದಿರೂ ಬರಬೇಕು, ನೀರಿನ ಕೊಡ ಹೊತ್ತವರಿಗೆ ನೀರಿನ ತವರನ್ನು ನೋಡುವ ಹಕ್ಕು ಎಲ್ಲರಿಗಿಂತ ಹೆಚ್ಚು.

"ದೇಶ ಸುತ್ತಬೇಕು, ಕೋಶ ಓದಬೇಕು" ಎಂದು ಹಿರಿಯರು ಹೇಳಿದ್ದಾರೆ. ಕೋಶ ನಾನು ಸ್ವಲ್ಪ ಓದಿದ್ದೆ. ಗದ್ದೆಯ ಅಂಚಿನ ಜಗಲಿಯಲ್ಲಿ ಕುಳಿತು ಕೇಳಿದ ಎರಡು ಮಾತು ಅದರಲ್ಲಿರಲಿಲ್ಲ.